ಬಿಸಿಲೂರಿನ ಲ್ಯಾಬ್‌ನಲ್ಲಿ ಎಚ್‌ಎಸ್‌ಪಿ27 ಬ್ಲಾಟ್: ಮಾನೋಕ್ಲೋನಲ್ ಆಂಟಿಬಾಡಿಯಿಂದ ಹಿಡಿಯುವ ಬಗೆ

ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿ, ಮೆಂಬ್ರೇನಿಗೆ ಇಳಿಸಿ, ಬೇಕಾದದ್ದಕ್ಕೆ ಮಾತ್ರ ಅಂಟುವ ಆಂಟಿಬಾಡಿಯಿಂದ ಗುರುತಿಸುವ ವಿಧಾನ. ಅದು ಸರಿ ಬರಲಿಲ್ಲ ಅಂದರೆ ಮೊದಲು ಬೈಸಿಕೊಳ್ಳುವುದು ಆಂಟಿಬಾಡಿ. ಬಾಟಲಿ ಹಳೆಯದಾಯಿತು, ಬೆಂಗಳೂರಿನಿಂದ ಬರುವಾಗ ಬಿಸಿಯಾಗಿರಬೇಕು, ಬೇರೆ ಕಂಪನಿಯದು ತರಿಸೋಣ ಎಂಬ ಮಾತು ಶುರುವಾಗುತ್ತದೆ. ಎಚ್‌ಎಸ್‌ಪಿ27ನಂಥ ಸಣ್ಣ ಹೀಟ್ ಶಾಕ್ ಪ್ರೋಟೀನಿನ, ಅಂದರೆ ಬಿಸಿ ತಾಗಿದಾಗ ಜೀವಕೋಶ ಹೆಚ್ಚಾಗಿ ತಯಾರಿಸುವ ಪ್ರೋಟೀನಿನ ಮಟ್ಟಿಗೆ ಈ ದೂರು ಹೆಚ್ಚಿನ ಸಲ ನಿಲ್ಲುವುದಿಲ್ಲ. ಆಂಟಿಬಾಡಿ ಹಾಕುವುದಕ್ಕೆ ಎಷ್ಟೋ ಮೊದಲೇ ತಪ್ಪು ಆಗಿರುತ್ತದೆ. ಒಂದೋ ಹೋಲಿಕೆಗಾಗಿ ಬಿಸಿ ಕೊಡದೆ ಇಟ್ಟ ಕಂಟ್ರೋಲ್ ಜೀವಕೋಶಗಳು ನಮಗೆ ಗೊತ್ತಿಲ್ಲದೆ ಆಗಲೇ ಬಿಸಿ ತಿಂದಿರುತ್ತವೆ, ಇಲ್ಲವೇ ಹುಡುಕುತ್ತಿರುವ ಪ್ರೋಟೀನು ಸೆಂಟ್ರಿಫ್ಯೂಜ್ ಟ್ಯೂಬಿನ ತಳದಲ್ಲಿ ಉಳಿದು ಕಸದ ಡಬ್ಬಿ ಸೇರಿರುತ್ತದೆ. ದಾವಣಗೆರೆ ಬಳಿಯ ತೋಳಹುಣಸೆಯಿಂದ ಚಳ್ಳಕೆರೆ ಬಳಿಯ ಕುದಾಪುರದವರೆಗೆ ಈ ಸೀಮೆಯಲ್ಲಿ ಎಲ್ಲೇ ಬೆಂಚ್ ಹಾಕಿಕೊಂಡು ಕೂತರೂ ಏಪ್ರಿಲ್ ತಿಂಗಳ ಬಿಸಿಲು ಒಂದೇ. ಆದ್ದರಿಂದ ಇಲ್ಲಿ ಆಂಟಿಬಾಡಿ ಹಾಕುವ ಹಂತಕ್ಕಿಂತ ಸ್ಯಾಂಪಲ್ ತಯಾರಿಗೇ ಹೆಚ್ಚು ಜಾಗ ಕೊಟ್ಟಿದೆ.

ಪ್ರೋಟೀನಿನ ಪರಿಚಯ, ಬೇಕಾದಷ್ಟು

ಸಣ್ಣ ಹೀಟ್ ಶಾಕ್ ಪ್ರೋಟೀನುಗಳ ತೂಕ ಸುಮಾರು 12ರಿಂದ 43 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ). ಎಲ್ಲದರಲ್ಲೂ ಸುಮಾರು 90 ಅಮೈನೋ ಆಮ್ಲಗಳ ಆಲ್ಫಾ ಕ್ರಿಸ್ಟಾಲಿನ್ ಡೊಮೇನ್ ಎಂಬ ಭಾಗ ಇರುತ್ತದೆ. ಮನುಷ್ಯರಲ್ಲಿ ಇವು ಹತ್ತು, ಎಚ್‌ಎಸ್‌ಪಿಬಿ1ರಿಂದ ಎಚ್‌ಎಸ್‌ಪಿಬಿ10ರವರೆಗೆ. ಮೊದಲನೆಯದೇ ಎಚ್‌ಎಸ್‌ಪಿ27. 205 ಅಮೈನೋ ಆಮ್ಲ, ಲೆಕ್ಕದ ತೂಕ 22.8 ಕಿಲೋಡಾಲ್ಟನ್, ಆದರೆ ಜೆಲ್‌ನಲ್ಲಿ ಓಡುವುದು 27ರ ಹತ್ತಿರ. ಹಳೆಯ ಸ್ತನ ಕ್ಯಾನ್ಸರ್ ಪ್ರಬಂಧಗಳಲ್ಲಿ ಇದನ್ನೇ 24ಕೆ ಎಂದು ಕರೆದಿದ್ದಾರೆ. ಕ್ಯಾಟಲಾಗ್ ನೋಡುವಾಗ ಇವೆಲ್ಲ ಒಂದೇ ಪ್ರೋಟೀನಿನ ಹೆಸರು ಅನ್ನುವುದು ನೆನಪಿರಲಿ.

ಇದು ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡುವುದಿಲ್ಲ. ಬಿಸಿಗೆ ಮಡಿಕೆ ಬಿಚ್ಚಿಕೊಂಡ ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡು, ಅವು ಗಂಟು ಕಟ್ಟದಂತೆ ಹಿಡಿದಿಟ್ಟು, ಮತ್ತೆ ಮಡಿಸಲು ನೆರವಾಗುವ ಎಚ್‌ಎಸ್‌ಪಿ70 ಬರುವವರೆಗೆ ಕಾಯುತ್ತದೆ. ಹತ್ತಾರು ಅಣುಗಳು ಸೇರಿ ದೊಡ್ಡ ಗುಂಪಾಗಿರುವುದು ಇದರ ಸ್ವಭಾವ. ಸೆರೀನ್ 15, 78 ಮತ್ತು 82ರಲ್ಲಿ ಫಾಸ್ಫೇಟ್ ಸೇರಿದಾಗ ಆ ಗುಂಪು ಒಡೆದು ಚಿಕ್ಕದಾಗುತ್ತದೆ. ಮುಂದೆ ಬರುವ ಮುಖ್ಯ ಎಚ್ಚರಿಕೆಗಳಲ್ಲಿ ಕೆಲವು ಹುಟ್ಟುವುದು ಈ ಎರಡು ಗುಣಗಳಿಂದ: ಅಂಟಿಕೊಳ್ಳುವುದು, ಗುಂಪು ಕಟ್ಟುವುದು.

ಯಾವ ಆಂಟಿಬಾಡಿ

ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಹೈಬ್ರಿಡೋಮಾ ವಿಧಾನ ಕಂಡುಹಿಡಿದ ಮೇಲೆ ಒಂದೇ ತಳಿಯ ಜೀವಕೋಶದಿಂದ ಒಂದೇ ಬಗೆಯ ಆಂಟಿಬಾಡಿ ಪಡೆಯುವುದು ಸಾಧ್ಯವಾಯಿತು. ಅದೇ ಮಾನೋಕ್ಲೋನಲ್. ಅದು ಗುರುತಿಸುವುದು ಪ್ರೋಟೀನಿನ ಒಂದೇ ಒಂದು ಎಪಿಟೋಪ್, ಅಂದರೆ ಕೆಲವೇ ಅಮೈನೋ ಆಮ್ಲಗಳ ಚೂರು. ಲಾಟ್ ಬದಲಾದರೂ ಫಲಿತಾಂಶ ಬದಲಾಗದಿರುವುದು ಇದರ ಲಾಭ. ಆ ಚೂರು ಮುಚ್ಚಿಹೋದರೆ, ರಾಸಾಯನಿಕವಾಗಿ ಬದಲಾದರೆ, ಇಲ್ಲವೇ ನಿಮ್ಮ ಪ್ರಾಣಿಯಲ್ಲಿ ಒಂದೆರಡು ಅಕ್ಷರ ಬೇರೆಯಿದ್ದರೆ ಏನೂ ಕಾಣದಿರುವುದು ಇದರ ನಷ್ಟ. ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣವಾದ ಪಾಲಿಕ್ಲೋನಲ್‌ನಲ್ಲಿ ಒಂದು ಎಪಿಟೋಪ್ ಹೋದರೂ ಇನ್ನು ನಾಲ್ಕು ಕೈ ಹಿಡಿಯುತ್ತವೆ. ಇಲ್ಲಿ ಆ ಆಸರೆ ಇಲ್ಲ.

ಆದ್ದರಿಂದ ಕೊಳ್ಳುವ ಮೊದಲು ಡೇಟಾಶೀಟ್‌ನಲ್ಲಿ ನಾಲ್ಕು ಸಂಗತಿ ನೋಡಿ. ಎಪಿಟೋಪ್ ಎಲ್ಲಿದೆ? ಆಲ್ಫಾ ಕ್ರಿಸ್ಟಾಲಿನ್ ಡೊಮೇನಿನೊಳಗಿದ್ದರೆ ಎಚ್‌ಎಸ್‌ಪಿಬಿ5, ಅಂದರೆ ಆಲ್ಫಾ ಬಿ ಕ್ರಿಸ್ಟಾಲಿನ್‌ಗೂ ಅಂಟುವ ಸಾಧ್ಯತೆ ಹೆಚ್ಚು. ಅದು 175 ಅಮೈನೋ ಆಮ್ಲದ, 20 ಕಿಲೋಡಾಲ್ಟನ್ ಹತ್ತಿರ ಓಡುವ ಪ್ರೋಟೀನು. ಹೃದಯ, ಸ್ನಾಯು ಮತ್ತು ಕಣ್ಣಿನ ಮಸೂರದಲ್ಲಿ ಧಾರಾಳವಾಗಿದೆ. ಯಾವ ಪ್ರಾಣಿಗೆ ಪರೀಕ್ಷಿಸಿದ್ದಾರೆ? ಮನುಷ್ಯರ ಎಚ್‌ಎಸ್‌ಪಿ27ಗೆ ಮಾಡಿದ ಕೆಲವು ಮಾನೋಕ್ಲೋನಲ್‌ಗಳು ಇಲಿಯ ಎಚ್‌ಎಸ್‌ಪಿ25ಅನ್ನು ಮುಟ್ಟುವುದೇ ಇಲ್ಲ. ಯಾವ ಕೆಲಸಕ್ಕೆ ನಡೆಯುತ್ತದೆ? ಬ್ಲಾಟ್‌ಗೆ ಚೆನ್ನಾಗಿರುವುದು ಪ್ಯಾರಾಫಿನ್ ಸೆಕ್ಷನ್‌ನಲ್ಲಿ ಕೈಕೊಡಬಹುದು. ಕೊನೆಯದಾಗಿ, ಒಟ್ಟು ಎಚ್‌ಎಸ್‌ಪಿ27 ಬೇಕೋ, ಫಾಸ್ಫೇಟ್ ಸೇರಿದ್ದು ಮಾತ್ರ ಬೇಕೋ ಎಂಬುದನ್ನು ಆರ್ಡರ್‌ಗೆ ಮುಂಚೆಯೇ ತೀರ್ಮಾನಿಸಿ, ಅವೆರಡೂ ಬೇರೆ ಬೇರೆ ಆಂಟಿಬಾಡಿಗಳು. ಎರಡೂ ಬೇಕಿದ್ದರೆ ಒಂದು ಇಲಿಯದು, ಇನ್ನೊಂದು ಮೊಲದ್ದು ಇರಲಿ; ಮುಂದೆ ಅನುಕೂಲವಾಗುತ್ತದೆ.

ಬಾಟಲಿ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ 200, ದಾವಣಗೆರೆಗೆ 260 ಕಿಲೋಮೀಟರ್ ಆಚೀಚೆ ಬರಬೇಕು. ಜೆಲ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಒಂದು ದಿನದ ದಾರಿ ಐಜಿಜಿಗೆ, ಅಂದರೆ ಈ ಬಗೆಯ ಆಂಟಿಬಾಡಿಗೆ, ದೊಡ್ಡ ವಿಷಯವಲ್ಲ. ಅದನ್ನು ಕೊಲ್ಲುವುದು ಶನಿವಾರ ಬಂದು ಸೋಮವಾರದವರೆಗೆ ಗೇಟಿನಲ್ಲಿ ಬಿದ್ದಿರುವುದು. ಸೋಮವಾರ ಅಥವಾ ಮಂಗಳವಾರ ಕಳಿಸುವಂತೆ ಹೇಳಿ, ಬಂದದ್ದನ್ನು ಯಾರಾದರೂ ಇಸಿದುಕೊಳ್ಳುವ ಏರ್ಪಾಟು ಮಾಡಿ. ಬಂದ ಕೂಡಲೇ ಟ್ಯೂಬನ್ನು ಅರ್ಧ ನಿಮಿಷ ಸ್ಪಿನ್ ಮಾಡಿ, ಏಕೆಂದರೆ ಅರ್ಧ ದ್ರವ ಮುಚ್ಚಳದಲ್ಲೇ ಇರುತ್ತದೆ. ಆಮೇಲೆ 10 ಮೈಕ್ರೋಲೀಟರಿನಂತೆ ಹಂಚಿ, ದಿನಾಂಕ ಬರೆದು ಮೈನಸ್ 20ರಲ್ಲಿಡಿ. ತಾನಾಗಿ ಮಂಜು ಕರಗಿಸುವ ಫ್ರಿಜ್‌ನ ಫ್ರೀಜರ್ ಬೇಡ. ಅದು ದಿನವೂ ಬೆಚ್ಚಗಾಗಿ ತಣ್ಣಗಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಆಂಟಿಬಾಡಿ ಗಂಟಾಗುತ್ತದೆ. 50 ಶೇಕಡಾ ಗ್ಲಿಸರಾಲ್ ಇರುವ ಬಾಟಲಿ ಮೈನಸ್ 20ರಲ್ಲಿ ಹೆಪ್ಪುಗಟ್ಟುವುದಿಲ್ಲ, ಅದನ್ನು ಹಂಚುವ ಗೋಜಿಲ್ಲ.

ಕಂಟ್ರೋಲ್ ನಿಜವಾಗಿ ಕಂಟ್ರೋಲ್ ಆಗಿದೆಯೇ

ಪ್ರೋಟೋಕಾಲ್‌ನಲ್ಲಿ ರೂಮ್ ಟೆಂಪರೇಚರ್ ಎಂದಿದ್ದರೆ 20ರಿಂದ 25 ಡಿಗ್ರಿ ಎಂದು ಓದಿಕೊಳ್ಳಬೇಕು. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಎಸಿ ಇಲ್ಲದ ಕೋಣೆ 35 ದಾಟುತ್ತದೆ. ಬೇರೆ ಪ್ರೋಟೀನುಗಳ ಕೆಲಸದಲ್ಲಿ ಇದು ಕಿರಿಕಿರಿ ಮಾತ್ರ. ಹೀಟ್ ಶಾಕ್ ಪ್ರೋಟೀನಿನ ಕೆಲಸದಲ್ಲಿ ಅದು ಪ್ರಯೋಗವನ್ನೇ ಬುಡಮೇಲು ಮಾಡುತ್ತದೆ.

ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್‌ಗಳಲ್ಲಿ ಬಿಸಿ ಮಾಡುವ ವ್ಯವಸ್ಥೆ ಇದೆ, ತಣ್ಣಗಾಗಿಸುವುದು ಸಾಮಾನ್ಯವಾಗಿ ಇಲ್ಲ. ಹೊರಗಿನ ಕೋಣೆ ಒಳಗಿನದಕ್ಕಿಂತ 5 ಡಿಗ್ರಿಯಷ್ಟಾದರೂ ತಂಪಾಗಿದ್ದರೆ ಮಾತ್ರ ಅವು 37ರಲ್ಲಿ ನಿಲ್ಲಬಲ್ಲವು. ಕೋಣೆಯೇ 35 ಆದರೆ ಡಿಸ್‌ಪ್ಲೇ 38 ತೋರಿಸುತ್ತದೆ, ಮೇಲಿನ ಟ್ರೇ 39 ಮುಟ್ಟುತ್ತದೆ. ಅಲ್ಲಿ ರಾತ್ರಿಯಿಡೀ ಇದ್ದ ಜೀವಕೋಶವನ್ನು ಕಂಟ್ರೋಲ್ ಎನ್ನುವ ಹಾಗಿಲ್ಲ. ಡಿಸ್‌ಪ್ಲೇ ನಂಬದೆ, ನೀರು ತುಂಬಿದ ಒಂದು ಫ್ಲಾಸ್ಕಿನಲ್ಲಿ ಬೇರೆ ಥರ್ಮಾಮೀಟರ್ ಮುಳುಗಿಸಿ ನೀವು ಬಳಸುವ ಟ್ರೇಯಲ್ಲೇ ಇಡಿ. ಕಲ್ಚರ್ ಕೋಣೆಗೆ ಎಸಿ ಕೊಡಲಾಗದಿದ್ದರೆ ಈ ಪ್ರಯೋಗವನ್ನು ಜುಲೈನಿಂದ ಜನವರಿಯೊಳಗೆ ಮಾಡುವುದು ಒಳ್ಳೆಯದು. ಸೋಮಾರಿ ಸಲಹೆಯಂತೆ ಕೇಳಿಸಬಹುದು, ಆದರೆ ಆಂಟಿಬಾಡಿ ಮೇಲೆ ಮತ್ತೆ ದುಡ್ಡು ಸುರಿಯುವುದಕ್ಕಿಂತ ಅಗ್ಗ.

ಹೀಟ್ ಶಾಕ್ ಹೀಗೆ ಕೊಡಿ. ಹೀಲಾ ಅಥವಾ ಎಂಸಿಎಫ್-7 ಜೀವಕೋಶಗಳು (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಜೀವಕೋಶಗಳು) ಟಿ-25 ಫ್ಲಾಸ್ಕಿನಲ್ಲಿ 70ರಿಂದ 80 ಶೇಕಡಾ ತುಂಬಿರಲಿ. ಎರಡರಲ್ಲೂ ಬಿಸಿ ಕೊಡದಿದ್ದಾಗಲೂ ಎಚ್‌ಎಸ್‌ಪಿ27 ಸಾಕಷ್ಟಿರುವುದರಿಂದ ಪಾಸಿಟಿವ್ ಕಂಟ್ರೋಲ್ ಆಗಿಯೂ ನಡೆಯುತ್ತವೆ. ಮುಚ್ಚಳ ಬಿಗಿ ಮಾಡಿ, ಪ್ಯಾರಾಫಿಲ್ಮ್ ಸುತ್ತಿ, 43 ಡಿಗ್ರಿಯ ವಾಟರ್ ಬಾತ್‌ನಲ್ಲಿ ಮೀಡಿಯಾದ ಮಟ್ಟ ನೀರಿನೊಳಗಿರುವಂತೆ ಮುಳುಗಿಸಿ. ಮೀಡಿಯಾ 43 ಮುಟ್ಟುವುದಕ್ಕೇ ಕೆಲವು ನಿಮಿಷ ಬೇಕು. ಪಕ್ಕದಲ್ಲಿ ಅಷ್ಟೇ ಮೀಡಿಯಾ ಇರುವ, ಜೀವಕೋಶವಿಲ್ಲದ ಫ್ಲಾಸ್ಕಿಟ್ಟು ಅದರೊಳಗೆ ಅಳೆದು, ಅಲ್ಲಿ 43 ಬಂದ ಮೇಲೆ 30ರಿಂದ 60 ನಿಮಿಷ ಎಣಿಸಿ. 45 ದಾಟಿದರೆ ಜೀವಕೋಶ ಸಾಯಲು ಶುರುವಾಗುತ್ತದೆ. ಕಂಟ್ರೋಲ್ ಫ್ಲಾಸ್ಕಿಗೂ ಹಾಗೇ ಪ್ಯಾರಾಫಿಲ್ಮ್ ಸುತ್ತಿ 37ರ ಬಾತ್‌ನಲ್ಲಿ ಅಷ್ಟೇ ಹೊತ್ತು ಇಡಿ. ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟ ಫ್ಲಾಸ್ಕು ಇದಕ್ಕೆ ಸರಿಜೋಡಿಯಲ್ಲ.

ಯಾವಾಗ ಕೊಯ್ಲು ಮಾಡಬೇಕು ಅನ್ನುವುದು ಏನನ್ನು ನೋಡುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಫಾಸ್ಫೇಟ್ ಸೇರುವುದು ನಿಮಿಷಗಳ ಕೆಲಸ, ಅದಕ್ಕೆ ಬಾತ್‌ನಿಂದ ತೆಗೆದ ಕೂಡಲೇ ಲೈಸ್ ಮಾಡಿ, ಅಂದರೆ ಜೀವಕೋಶಗಳನ್ನು ಒಡೆಯಿರಿ. ಒಟ್ಟು ಪ್ರಮಾಣ ಏರುವುದಕ್ಕೆ ಹೊಸದಾಗಿ ಪ್ರೋಟೀನು ತಯಾರಾಗಬೇಕು. ಎಚ್‌ಎಸ್‌ಪಿ70 ಬೇಗ ಏರುತ್ತದೆ, ಎಚ್‌ಎಸ್‌ಪಿ27 ನಿಧಾನ. 37ಕ್ಕೆ ಮರಳಿಸಿ 8, 16 ಮತ್ತು 24 ಗಂಟೆಗೆ ತೆಗೆದರೆ ಏರಿಕೆ ಸಿಗುತ್ತದೆ. ಈ ನಡುವೆ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಯುಪಿಎಸ್ ಮೇಲೆ ಇಲ್ಲದಿದ್ದರೆ ಆ ಬ್ಯಾಚನ್ನು ಉಳಿಸಿಕೊಳ್ಳುವ ಆಸೆ ಬಿಡಿ.

ಆಸ್ಪತ್ರೆಯಿಂದ ರಕ್ತ ತಂದು ಬಿಳಿ ರಕ್ತಕಣಗಳಲ್ಲಿ ನೋಡುವವರಿಗೆ, ಎಥಿಕ್ಸ್ ಕಮಿಟಿಯ ಅನುಮತಿಯ ನಂತರ, ಮೂರು ಮಾತು. ಬೈಕಿನ ಡಿಕ್ಕಿಯಲ್ಲಿ ಬಿಸಿಲಲ್ಲಿ ಬಂದ ಟ್ಯೂಬು ಹೀಟ್ ಶಾಕ್ ಆದ ಟ್ಯೂಬೇ. 20ರಿಂದ 25 ಡಿಗ್ರಿಯ ಡಬ್ಬಿಯಲ್ಲಿ ತಂದು, ಎರಡು ಗಂಟೆಯೊಳಗೆ ಬೇರ್ಪಡಿಸಿ. ಎರಡನೆಯದು ಪ್ಲೇಟ್‌ಲೆಟ್: ಅದರಲ್ಲಿ ಎಚ್‌ಎಸ್‌ಪಿ27 ಬೇಕಾದಷ್ಟಿದೆ. 200 ಜಿಯಲ್ಲಿ 10 ನಿಮಿಷದಂತೆ ಎರಡು ಮೂರು ಸಲ ನಿಧಾನವಾಗಿ ತೊಳೆದು ಅದನ್ನು ಕಳೆಯದಿದ್ದರೆ ಕಾಣುವ ಬ್ಯಾಂಡ್ ಲಿಂಫೋಸೈಟ್‌ನದಲ್ಲ. ಮೂರನೆಯದು ಕೆಂಪು ರಕ್ತಕಣ: ಉಳಿದ ಹಿಮೋಗ್ಲೋಬಿನ್‌ಗೆ ತನ್ನದೇ ಪೆರಾಕ್ಸಿಡೇಸ್ ಗುಣ ಇದೆ, 16 ಕಿಲೋಡಾಲ್ಟನ್ ಹತ್ತಿರ ಆಂಟಿಬಾಡಿ ಇಲ್ಲದೆಯೇ ಹೊಳೆಯಬಲ್ಲದು.

ಲೈಸಿಸ್: ಇಲ್ಲೇ ಹೆಚ್ಚಿನ ಬ್ಲಾಟ್‌ಗಳು ಕೆಡುವುದು

ರೂಢಿಯ ದಾರಿ ಎಂದರೆ ಡಿಟರ್ಜೆಂಟ್ ಇರುವ ರೀಪಾ ಬಫರ್ ಹಾಕಿ, ಐಸ್ ಮೇಲೆ ಅರ್ಧ ಗಂಟೆ ಇಟ್ಟು, 4 ಡಿಗ್ರಿಯಲ್ಲಿ ಜೋರಾಗಿ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಂಡು ತಳದ ಪೆಲೆಟ್ ಎಸೆಯುವುದು. ಹೀಟ್ ಶಾಕ್ ಆದ ಜೀವಕೋಶದಲ್ಲಿ ಎಚ್‌ಎಸ್‌ಪಿ27 ಬಿಸಿಗೆ ಕೆಟ್ಟ ಪ್ರೋಟೀನುಗಳಿಗೆ ಅಂಟಿಕೊಂಡು, ಸೌಮ್ಯ ಡಿಟರ್ಜೆಂಟ್‌ಗೆ ಕರಗದ ಭಾಗಕ್ಕೆ ಸರಿದಿರುತ್ತದೆ. ತಿಳಿಯನ್ನಷ್ಟೇ ಜೆಲ್‌ಗೆ ಹಾಕಿದರೆ ಕಂಟ್ರೋಲ್ ಗಾಢ, ಹೀಟ್ ಶಾಕ್ ಮಸುಕು. ಬಿಸಿ ಕೊಟ್ಟರೆ ಎಚ್‌ಎಸ್‌ಪಿ27 ಇಳಿಯುತ್ತದೆ ಎಂಬ ತಲೆಕೆಳಗಾದ ತೀರ್ಮಾನ ಹೀಗೆ ಹುಟ್ಟುತ್ತದೆ, ಅದಕ್ಕೊಂದು ವಿವರಣೆಯೂ ಥೀಸಿಸ್‌ನಲ್ಲಿ ಸೇರಿಕೊಳ್ಳುತ್ತದೆ.

ಒಟ್ಟು ಪ್ರಮಾಣ ಬೇಕಿದ್ದರೆ ನೇರವಾಗಿ ಬಿಸಿ ಎಸ್‌ಡಿಎಸ್‌ನಲ್ಲಿ, ಅಂದರೆ ಪ್ರಬಲ ಡಿಟರ್ಜೆಂಟ್‌ನಲ್ಲಿ, ಲೈಸ್ ಮಾಡಿ. ಬಫರ್ 100 ಮಿಲಿಲೀಟರಿಗೆ: 1 ಮೋಲಾರ್ ಟ್ರಿಸ್ ಪಿಎಚ್ 6.8 ಇರುವುದು 6.25 ಮಿಲಿಲೀಟರ್, 10 ಶೇಕಡಾ ಎಸ್‌ಡಿಎಸ್ 20 ಮಿಲಿಲೀಟರ್, ಗ್ಲಿಸರಾಲ್ 10 ಮಿಲಿಲೀಟರ್, ಉಳಿದದ್ದು ನೀರು. ಡಿಟಿಟಿ (ಡೈಸಲ್ಫೈಡ್ ಕೊಂಡಿ ಬಿಡಿಸುವ ರಾಸಾಯನಿಕ), ಬ್ರೋಮೋಫಿನಾಲ್ ಬ್ಲೂ (ನೀಲಿ ಬಣ್ಣ) ಈಗ ಹಾಕಬೇಡಿ. ನೀರು ಡಬಲ್ ಡಿಸ್ಟಿಲ್ಡ್ ಅಥವಾ ಅದಕ್ಕಿಂತ ಶುದ್ಧವಾದದ್ದಿರಲಿ. ಬೋರ್‌ವೆಲ್ಲಿನ ಗಡಸು ನೀರನ್ನು ಒಂದೇ ಸಲ ಬಟ್ಟಿ ಇಳಿಸಿ ಬಳಸುವ ಕಡೆ ಹಿನ್ನೆಲೆ ಕಲೆ ಹೆಚ್ಚು.

ಫ್ಲಾಸ್ಕಿನ ಮೀಡಿಯಾ ಹೀರಿ, ತಣ್ಣನೆ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು ಕೊನೆಯ ಹನಿಯವರೆಗೂ ತೆಗೆಯಿರಿ. 95 ಡಿಗ್ರಿಗೆ ಕಾಯಿಸಿದ ಬಫರ್ 250 ಮೈಕ್ರೋಲೀಟರ್ ಹಾಕಿ ಕೂಡಲೇ ಕೆರೆದು ಟ್ಯೂಬಿಗೆ ತುಂಬಿ, 95ರಲ್ಲಿ 5 ನಿಮಿಷ ಇಡಿ. ಕಿಣ್ವಗಳೆಲ್ಲ ಆ ಕ್ಷಣವೇ ಸಾಯುವುದರಿಂದ ಫಾಸ್ಫೇಟ್ ಕೂಡ ಇದ್ದಲ್ಲೇ ಉಳಿಯುತ್ತದೆ, ದುಬಾರಿ ಇನ್‌ಹಿಬಿಟರ್ ಮಾತ್ರೆಗಳ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ. ಟ್ಯೂಬಿನಲ್ಲಿರುವುದು ಈಗ ಲೋಳೆಯಂತೆ ಎಳೆಯುತ್ತದೆ. ಅದು ಡಿಎನ್‌ಎ. ಸೋನಿಕೇಟರ್ ಇದ್ದರೆ 10 ಸೆಕೆಂಡಿನ ಮೂರು ಪಲ್ಸ್, ಇಲ್ಲದಿದ್ದರೆ 26 ಗೇಜ್ ಸೂಜಿಯಲ್ಲಿ ಹತ್ತು ಹದಿನೈದು ಸಲ ಎಳೆದು ಬಿಡಿ. ಐಸ್ ಮೇಲೆ ಇಡಬಾರದು, ಎಸ್‌ಡಿಎಸ್ ಬೆಳ್ಳಗೆ ಕಟ್ಟಿಕೊಳ್ಳುತ್ತದೆ.

ಪ್ರೋಟೀನು ಅಳೆಯಲು ಬಿಸಿಎ ಎಂಬ ಪರೀಕ್ಷೆ ಬಳಸಿ. ಇನ್ನೊಂದು ಪರೀಕ್ಷೆಯಾದ ಬ್ರ್ಯಾಡ್‌ಫರ್ಡ್ ಎಸ್‌ಡಿಎಸ್ ಸಹಿಸುವುದಿಲ್ಲ, ಬಿಸಿಎ ಡಿಟಿಟಿ ಸಹಿಸುವುದಿಲ್ಲ. ಡಿಟಿಟಿಯನ್ನು ತಡೆಹಿಡಿದದ್ದು ಅದಕ್ಕೇ. ಸ್ಟ್ಯಾಂಡರ್ಡ್‌ಗಳನ್ನೂ ಇದೇ ಲೈಸಿಸ್ ಬಫರ್‌ನಲ್ಲಿ ಮಾಡಿ. ಅಳೆದ ಮೇಲೆ ಡಿಟಿಟಿ 100 ಮಿಲಿಮೋಲಾರ್ ಆಗುವಷ್ಟು ಮತ್ತು ಚಿಟಿಕೆ ಬ್ರೋಮೋಫಿನಾಲ್ ಬ್ಲೂ ಸೇರಿಸಿ ಇನ್ನೊಮ್ಮೆ 95ರಲ್ಲಿ 5 ನಿಮಿಷ.

ಪ್ರೋಟೀನು ಕರಗದ ಭಾಗಕ್ಕೆ ಸರಿದದ್ದನ್ನೇ ತೋರಿಸಬೇಕಿದ್ದರೆ 1 ಶೇಕಡಾ ಟ್ರೈಟಾನ್ ಎಕ್ಸ್-100 ಇರುವ ಬಫರ್‌ನಲ್ಲಿ, ಇನ್‌ಹಿಬಿಟರ್ ಸಮೇತ, ತಣ್ಣಗೆ ಲೈಸ್ ಮಾಡಿ 16,000 ಜಿಯಲ್ಲಿ 15 ನಿಮಿಷ ತಿರುಗಿಸಿ. ತಿಳಿ ಬೇರೆ ತೆಗೆದಿಡಿ. ಪೆಲೆಟ್ಟನ್ನು ಒಮ್ಮೆ ಅದೇ ಬಫರ್‌ನಲ್ಲಿ ತೊಳೆದು, ತಿಳಿಯಷ್ಟೇ ಪರಿಮಾಣದ ಎಸ್‌ಡಿಎಸ್ ಬಫರ್‌ನಲ್ಲಿ ಕರಗಿಸಿ. ಜೆಲ್‌ಗೆ ಎರಡರಿಂದಲೂ ಸಮ ಮೈಕ್ರೋಲೀಟರ್ ಹಾಕಬೇಕು. ಸಮ ಮೈಕ್ರೋಗ್ರಾಂ ಹಾಕಿದರೆ ಪೆಲೆಟ್‌ನ ಪಾಲು ಸುಳ್ಳುಸುಳ್ಳೇ ಉಬ್ಬುತ್ತದೆ.

ಜೆಲ್ ಮತ್ತು ಟ್ರಾನ್ಸ್‌ಫರ್

27 ಕಿಲೋಡಾಲ್ಟನ್‌ಗೆ 12 ಶೇಕಡಾ ಜೆಲ್ ಸಾಕು, ಆಲ್ಫಾ ಬಿ ಕ್ರಿಸ್ಟಾಲಿನ್ ಕೂಡ ಬೇರೆಯಾಗಿ ಕಾಣಬೇಕಿದ್ದರೆ 15. ಹದಿನೈದರ ಜೆಲ್ 10 ಮಿಲಿಲೀಟರಿಗೆ ನೀರು 2.3, 30 ಶೇಕಡಾ ಅಕ್ರಿಲಮೈಡ್ ಮಿಶ್ರಣ 5.0, 1.5 ಮೋಲಾರ್ ಟ್ರಿಸ್ ಪಿಎಚ್ 8.8 ಇರುವುದು 2.5, 10 ಶೇಕಡಾ ಎಸ್‌ಡಿಎಸ್ 0.1, 10 ಶೇಕಡಾ ಎಪಿಎಸ್ 0.1 ಮಿಲಿಲೀಟರ್, ಟೆಮೆಡ್ 4 ಮೈಕ್ರೋಲೀಟರ್. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಬೇಸಿಗೆಯಲ್ಲಿ ಈ ಮಿಶ್ರಣ ಸುರಿಯುವಷ್ಟರಲ್ಲೇ ಕಟ್ಟಲು ಶುರುವಾಗುತ್ತದೆ, ಬ್ಯಾಂಡ್ ಸೊಟ್ಟಗಾಗುತ್ತದೆ. ದ್ರಾವಣಗಳನ್ನು ಫ್ರಿಜ್‌ನಲ್ಲಿಟ್ಟು, ಜೆಲ್ ಗಟ್ಟಿ ಮಾಡುವ ಎಪಿಎಸ್ ಮತ್ತು ಟೆಮೆಡ್ ಕೊನೆಗೆ ಹಾಕಿ.

ಟ್ರಿಸ್ ಬಗ್ಗೆಯೂ ಒಂದು ಮಾತು: ಅದರ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.03 ಇಳಿಯುತ್ತದೆ. 36 ಡಿಗ್ರಿಯ ಕೋಣೆಯಲ್ಲಿ 8.8ಕ್ಕೆ ಹೊಂದಿಸಿದ ಬಫರ್ 25ರಲ್ಲಿ 9.1ರ ಹತ್ತಿರ ಇರುತ್ತದೆ. ಬೆಳಿಗ್ಗೆ ತಂಪಿನಲ್ಲಿ, ದ್ರಾವಣವನ್ನು 25ಕ್ಕೆ ತಂದುಕೊಂಡು ಪಿಎಚ್ ಹೊಂದಿಸಿ.

ಪ್ರತಿ ಲೇನಿಗೆ 10ರಿಂದ 20 ಮೈಕ್ರೋಗ್ರಾಂ. ಹೀಲಾಗೆ 10 ಸಾಕು. ಸ್ಟ್ಯಾಕಿಂಗ್‌ನಲ್ಲಿ 80, ಆಮೇಲೆ 120 ವೋಲ್ಟ್.

ಟ್ರಾನ್ಸ್‌ಫರ್ ಬಫರ್ ಒಂದು ಲೀಟರಿಗೆ ಟ್ರಿಸ್ 3.03 ಗ್ರಾಂ, ಗ್ಲೈಸೀನ್ 14.4 ಗ್ರಾಂ, ಮೆಥನಾಲ್ 200 ಮಿಲಿಲೀಟರ್. ಪಿಎಚ್ ತಾನಾಗಿ 8.3ರ ಬಳಿ ಬರುತ್ತದೆ, ಆಮ್ಲ ಹಾಕಿ ಸರಿಪಡಿಸಲು ಹೋಗಬೇಡಿ. ದೊಡ್ಡ ಪ್ರೋಟೀನುಗಳಿಗೆ ಸೇರಿಸುವ ಎಸ್‌ಡಿಎಸ್ ಇಲ್ಲಿ ಬೇಡ. ಮೆಂಬ್ರೇನ್ 0.2 ಮೈಕ್ರಾನ್ ಪಿವಿಡಿಎಫ್ ಇರಲಿ; 0.45ರದ್ದರಲ್ಲಿ ಸಣ್ಣ ಪ್ರೋಟೀನು ಹಾದು ಆಚೆ ಹೋಗುವ ಭಯವಿದೆ. ಅರ್ಧ ನಿಮಿಷ ಮೆಥನಾಲ್‌ನಲ್ಲಿ ನೆನೆಸಿ, ಬಫರ್‌ನಲ್ಲಿ ತೊಳೆದು ಜೋಡಿಸಿ. 100 ವೋಲ್ಟ್‌ನಲ್ಲಿ 60 ನಿಮಿಷ, ಟ್ಯಾಂಕಿನೊಳಗೆ ಐಸ್ ಬ್ಲಾಕ್ ಇಟ್ಟು. ಬಿಸಿಲು ದಿನಗಳಲ್ಲಿ ಅರ್ಧ ಗಂಟೆಗೆ ಬ್ಲಾಕ್ ಬದಲಿಸಿ. ಬಫರ್ ಬಿಸಿಯಾದಷ್ಟೂ ಕರೆಂಟ್ ಏರುತ್ತದೆ, ಏರಿದಷ್ಟೂ ಮತ್ತೆ ಬಿಸಿ. ಮೊದಲ ಸಲ ಎರಡು ಮೆಂಬ್ರೇನ್ ಒಂದರ ಹಿಂದೆ ಒಂದು ಇಡಿ. ಹಿಂದಿನದರಲ್ಲೂ 25 ಕಿಲೋಡಾಲ್ಟನ್ ಮಾರ್ಕರ್ ಕಂಡರೆ ಹೊತ್ತು ಜಾಸ್ತಿಯಾಯಿತು ಎಂದರ್ಥ.

ತೆಗೆದ ಮೇಲೆ 5 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕರಗಿಸಿದ 0.1 ಶೇಕಡಾ ಪೊನ್ಸೋ ಎಸ್ (ಎಲ್ಲ ಪ್ರೋಟೀನಿಗೂ ಹತ್ತುವ ಕೆಂಪು ಬಣ್ಣ) ಐದು ನಿಮಿಷ. ಲೇನುಗಳ ಫೋಟೋ ತೆಗೆದಿಡಿ. ಒಟ್ಟು ಪ್ರೋಟೀನಿನ ಈ ಚಿತ್ರ ಲೋಡಿಂಗ್ ಕಂಟ್ರೋಲ್ ಆಗಿ ಆಕ್ಟಿನ್‌ಗಿಂತ ನಂಬಿಕಸ್ಥ, ಏಕೆಂದರೆ ಹೀಟ್ ಶಾಕ್ ಆಕ್ಟಿನ್ ಜಾಲವನ್ನೂ ಕಲಕುತ್ತದೆ.

ಆಂಟಿಬಾಡಿ

ತೊಳೆಯುವ ಬಫರ್ ಟಿಬಿಎಸ್‌ಟಿ ಲೀಟರಿಗೆ ಟ್ರಿಸ್ 2.42 ಗ್ರಾಂ, ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ 8.8 ಗ್ರಾಂ, ಪಿಎಚ್ 7.6, ಟ್ವೀನ್-20 ಒಂದು ಮಿಲಿಲೀಟರ್. ಒಟ್ಟು ಎಚ್‌ಎಸ್‌ಪಿ27ಗೆ 5 ಶೇಕಡಾ ಕೆನೆರಹಿತ ಹಾಲಿನ ಪುಡಿಯಲ್ಲಿ ಒಂದು ಗಂಟೆ ಬ್ಲಾಕಿಂಗ್. ಫಾಸ್ಫೋ ಆಂಟಿಬಾಡಿಗೆ ಹಾಲು ಬೇಡ, ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ತುಂಬಿದ ಪ್ರೋಟೀನು. 5 ಶೇಕಡಾ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಬಳಸಿ. ಹಾಲನ್ನು ಆಯಾ ದಿನವೇ ಕಲಸಿ, ನಮ್ಮ ಸೆಕೆಗೆ ಸಂಜೆಯೊಳಗೆ ಹುಳಿಯಾಗುತ್ತದೆ.

ಪ್ರೈಮರಿ ಆಂಟಿಬಾಡಿ 1:1000ದಿಂದ ಶುರು ಮಾಡಿ. ಮಿನಿ ಬ್ಲಾಟ್ ಮುಳುಗಲು 5 ಮಿಲಿಲೀಟರ್ ಸಾಕು, ಅಂದರೆ 5 ಮೈಕ್ರೋಲೀಟರ್ ಆಂಟಿಬಾಡಿ. 100 ಮೈಕ್ರೋಲೀಟರಿನ ಬಾಟಲಿ ಇಪ್ಪತ್ತು ಬ್ಲಾಟ್‌ಗೆ ಬರುತ್ತದೆ. 4 ಡಿಗ್ರಿಯಲ್ಲಿ ರಾತ್ರಿಯಿಡೀ, ನಿಧಾನ ಅಲುಗಾಟದಲ್ಲಿ. ಒಂದು ಗಂಟೆ ಹೊರಗಿಟ್ಟರೂ ನಡೆಯುತ್ತದೆ ಎನ್ನುವವರಿದ್ದಾರೆ. 35 ಡಿಗ್ರಿಯ ಕೋಣೆಯಲ್ಲಿ ಆ ದಾರಿ ಹಿಡಿದರೆ ಹಿನ್ನೆಲೆ ಕಪ್ಪಾಗುತ್ತದೆ. ಬೆಳಿಗ್ಗೆ ಟಿಬಿಎಸ್‌ಟಿಯಲ್ಲಿ 10 ನಿಮಿಷದಂತೆ ಮೂರು ಸಲ ತೊಳೆದು, ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ಆಂಟಿ-ಮೌಸ್ ಸೆಕೆಂಡರಿ (ಇಲಿಯ ಪ್ರೈಮರಿಗೆ ಅಂಟುವ ಎರಡನೇ ಆಂಟಿಬಾಡಿ) 1:5000ದಿಂದ 1:10,000ದಲ್ಲಿ ಒಂದು ಗಂಟೆ. ಮತ್ತೆ ಮೂರು ತೊಳೆತ, ಆ ಕಿಣ್ವ ಇದ್ದಲ್ಲಿ ಬೆಳಕು ಹೊಮ್ಮಿಸುವ ಇಸಿಎಲ್ ದ್ರವ ಒಂದು ನಿಮಿಷ, ಹೆಚ್ಚುವರಿ ದ್ರವ ಹರಿಸಿ, ಚಿತ್ರ. ಮೊದಲು 5 ಸೆಕೆಂಡ್, ಆಮೇಲೆ 30, ಆಮೇಲೆ 2 ನಿಮಿಷ.

ಪಕ್ಕದ ಲೇನುಗಳಲ್ಲಿ ಶುದ್ಧ ರೀಕಾಂಬಿನೆಂಟ್ ಎಚ್‌ಎಸ್‌ಪಿ27 ಮತ್ತು ಆಲ್ಫಾ ಬಿ ಕ್ರಿಸ್ಟಾಲಿನ್ ತಲಾ 10 ನ್ಯಾನೋಗ್ರಾಂ ಹಾಕಿದರೆ ಆಂಟಿಬಾಡಿ ಯಾರನ್ನು ಹಿಡಿಯುತ್ತದೆ ಎಂದು ಒಂದೇ ಬ್ಲಾಟ್‌ನಲ್ಲಿ ಗೊತ್ತಾಗುತ್ತದೆ. ಎಸ್‌ಐಆರ್‌ಎನ್‌ಎಯಿಂದ (ಜೀನನ್ನು ಸುಮ್ಮನಾಗಿಸುವ ಪುಟ್ಟ ಆರ್‌ಎನ್‌ಎ) ಎಚ್‌ಎಸ್‌ಪಿ27 ಇಳಿಸಿದ ಸ್ಯಾಂಪಲ್ ಇನ್ನೂ ಗಟ್ಟಿ ಸಾಕ್ಷಿ. ಸೆಕೆಂಡರಿ ಮಾತ್ರ ಹಾಕಿದ ಒಂದು ಪಟ್ಟಿ ಪ್ರತಿ ಹೊಸ ಸ್ಯಾಂಪಲ್‌ಗೂ ಇರಲೇಬೇಕು.

ಬ್ಯಾಂಡ್ ಓದುವುದು

27ರ ಬಳಿ ಒಂದು ಅಚ್ಚುಕಟ್ಟಾದ ಬ್ಯಾಂಡ್ ಬಂದರೆ ಸರಿ. 54ರ ಹತ್ತಿರ ಇನ್ನೊಂದು ಕಂಡರೆ ಮೊದಲು ಡಿಟಿಟಿಯನ್ನು ಅನುಮಾನಿಸಿ. ಎಚ್‌ಎಸ್‌ಪಿ27ರಲ್ಲಿ ಇರುವುದು ಒಂದೇ ಸಿಸ್ಟೀನ್, 137ನೆಯದು. ಎರಡು ಅಣುಗಳು ಅದರ ಮೂಲಕ ಡೈಸಲ್ಫೈಡ್ ಕಟ್ಟಿ ಜೋಡಿಯಾಗುತ್ತವೆ. ಬೆಚ್ಚಗಿನ ಕೋಣೆಯಲ್ಲಿ ಡಿಟಿಟಿ ಬೇಗ ಸತ್ತುಹೋಗುತ್ತದೆ. ಹೊಸದಾಗಿ ಕರಗಿಸಿ ಮತ್ತೆ ಕುದಿಸಿದಾಗ 54 ಮಾಯವಾದರೆ ಅದು ಜೋಡಿಯೇ. 20ರ ಕೆಳಗೆ ಚೂರುಗಳು ಕಂಡರೆ ಲೈಸಿಸ್ ನಿಧಾನವಾಗಿದೆ.

ತುಂಬ ಮೋಸ ಮಾಡುವುದು 25ರ ಬ್ಯಾಂಡ್. ಆಂಟಿಬಾಡಿಯ ಲೈಟ್ ಚೈನ್ ಕೂಡ 25 ಕಿಲೋಡಾಲ್ಟನ್ನೇ. ಇಲಿಯ ಅಂಗಾಂಶದ ಮೇಲೆ ಇಲಿಯ ಮಾನೋಕ್ಲೋನಲ್ ಹಾಕಿದಾಗ ಆಂಟಿ-ಮೌಸ್ ಸೆಕೆಂಡರಿ ಅಂಗಾಂಶದ ರಕ್ತದಲ್ಲಿದ್ದ ಐಜಿಜಿಯನ್ನೂ ಹಿಡಿಯುತ್ತದೆ, ಎಚ್‌ಎಸ್‌ಪಿ ಬ್ಯಾಂಡ್‌ಗೆ ಅಂಟಿಕೊಂಡೇ ದಪ್ಪ ಪಟ್ಟಿ ಬರುತ್ತದೆ. ಇಮ್ಯುನೋಪ್ರೆಸಿಪಿಟೇಶನ್ ಮಾಡಿದವರಿಗೂ ಇದೇ ಗತಿ. ಸೆಕೆಂಡರಿ-ಮಾತ್ರ ಪಟ್ಟಿಯಲ್ಲೂ ಅದು ಕಂಡರೆ ಅನುಮಾನ ಬೇಡ. ಹೆವಿ ಚೈನಿನ ಎಫ್‌ಸಿ ಭಾಗವನ್ನು ಮಾತ್ರ ಗುರುತಿಸುವ ಸೆಕೆಂಡರಿ ಬಳಸಿ, ಇಲ್ಲವೇ ಮೊಲದ ಮಾನೋಕ್ಲೋನಲ್‌ಗೆ ಬದಲಿಸಿ.

ಬ್ಯಾಂಡ್ ನಡುವೆ ಬಿಳಿಯಾಗಿ ಸುತ್ತ ಕಪ್ಪಾಗಿದ್ದರೆ ಆಂಟಿಬಾಡಿ ಅತಿಯಾಗಿ ಇಸಿಎಲ್ ಸುಟ್ಟುಹೋಗಿದೆ, ಸೆಕೆಂಡರಿಯನ್ನು ಇನ್ನೂ ತೆಳು ಮಾಡಿ. ಎಲ್ಲೂ ಏನೂ ಇಲ್ಲದಿದ್ದರೆ ಯಾರಾದರೂ ಸೋಡಿಯಂ ಅಜೈಡ್ ಹಾಕಿದ್ದಾರೆಯೇ ಕೇಳಿ. ಅದು ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ. ಅಂಕಿ ತೆಗೆಯುವ ಮೊದಲು ಒಂದೇ ಸ್ಯಾಂಪಲ್ಲಿನ 5, 10, 20 ಮೈಕ್ರೋಗ್ರಾಂ ಓಡಿಸಿ. ದುಪ್ಪಟ್ಟು ಹಾಕಿದಾಗ ಸಿಗ್ನಲ್ ದುಪ್ಪಟ್ಟಾಗದಿದ್ದರೆ ಆ ವ್ಯಾಪ್ತಿಯಲ್ಲಿ ಅಳೆದ ಅಂಕಿಗೆ ಅರ್ಥವಿಲ್ಲ. ಒಟ್ಟು ಮತ್ತು ಫಾಸ್ಫೋ ಎರಡೂ ಬೇಕಿದ್ದರೆ ಒಂದೇ ಮೆಂಬ್ರೇನ್ ಕಳಚಿ ಮತ್ತೆ ಹಾಕುವುದಕ್ಕಿಂತ ಜೋಡಿ ಜೆಲ್ ಓಡಿಸುವುದು ಲೇಸು. ಕಳಚಲೇಬೇಕಾದರೆ ಫಾಸ್ಫೋ ಮೊದಲು.

ಅಂಗಾಂಶ, ಸ್ಲೈಡ್, ಎಲೆ

ಪ್ಯಾರಾಫಿನ್ ಸೆಕ್ಷನ್‌ನಲ್ಲಿ ಫಾರ್ಮಲಿನ್ ಎಪಿಟೋಪನ್ನು ಕಟ್ಟಿಹಾಕಿರುತ್ತದೆ. 10 ಮಿಲಿಮೋಲಾರ್ ಸಿಟ್ರೇಟ್, ಪಿಎಚ್ 6.0, 95ರಿಂದ 98 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ಅದೇ ಬಫರ್‌ನಲ್ಲಿ ತಣಿಯಲು ಬಿಡಿ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಆಮೇಲೆ ಆಂಟಿಬಾಡಿ 1:100ರಿಂದ. ಫ್ಲೋರೆಸೆನ್ಸ್‌ಗೆ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, 0.2 ಶೇಕಡಾ ಟ್ರೈಟಾನ್ 10 ನಿಮಿಷ. ಬಿಸಿ ಕೊಡದ ಜೀವಕೋಶದಲ್ಲಿ ಹೊಳಪು ಸೈಟೋಪ್ಲಾಸಂನಲ್ಲಿ ಹರಡಿರುತ್ತದೆ, ಬಿಸಿಯ ನಂತರ ನ್ಯೂಕ್ಲಿಯಸ್ಸಿನ ಸುತ್ತ ಮತ್ತು ಒಳಗೆ ಸೇರುತ್ತದೆ. ಇಲ್ಲಿ ಐಸೋಟೈಪ್ ಕಂಟ್ರೋಲ್ (ಅದೇ ಬಗೆಯ, ಆದರೆ ಈ ಪ್ರೋಟೀನನ್ನು ಗುರುತಿಸದ ಆಂಟಿಬಾಡಿ) ಹಾಕದೆ ಬಿಟ್ಟರೆ ಚಿತ್ರಕ್ಕೆ ಬೆಲೆಯಿಲ್ಲ.

ದಾವಣಗೆರೆಯ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ ಮೇಲೆ ಕೆಲಸ ಮಾಡುವವರು ಪಕ್ಕದ ಲ್ಯಾಬಿನಿಂದ ಎಚ್‌ಎಸ್‌ಪಿ27 ಆಂಟಿಬಾಡಿ ಕಡ ತಂದು ಪ್ರಯೋಜನವಿಲ್ಲ. ಗಿಡಗಳ ಸಣ್ಣ ಹೀಟ್ ಶಾಕ್ ಪ್ರೋಟೀನುಗಳು ಅದೇ ಕುಟುಂಬವಾದರೂ ಹೋಲಿಕೆ ಆ ಮಧ್ಯದ ಡೊಮೇನಿನಲ್ಲಷ್ಟೇ. ಎಚ್‌ಎಸ್‌ಪಿ17.6ರ ಬಗೆಯವುಗಳಿಗೆ ಗಿಡದ ಪ್ರೋಟೀನಿನಿಂದಲೇ ಮಾಡಿದ ಆಂಟಿಬಾಡಿ ಬೇಕು. ಬಿಸಿ ತಾಗದ ಎಲೆಯಲ್ಲಿ ಇವು ಹೆಚ್ಚುಕಡಿಮೆ ಇರುವುದೇ ಇಲ್ಲ, ಹಾಗಾಗಿ ಒಳ್ಳೆಯ ನೆಗೆಟಿವ್ ಕಂಟ್ರೋಲ್ ಸುಲಭವಾಗಿ ಸಿಗಬೇಕು. ಆದರೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಹೊಲದಲ್ಲಿ ಕಿತ್ತ ಎಲೆಯನ್ನು ಆ ಲೆಕ್ಕಕ್ಕೆ ಹಿಡಿಯಬೇಡಿ. 25 ಡಿಗ್ರಿಯಲ್ಲಿ ಬೆಳೆಸಿದ ಸಸಿಯ ಎಲೆಯನ್ನು ಕಿತ್ತ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ. ಬಲಿಯುತ್ತಿರುವ ಬೀಜವನ್ನಂತೂ ಕಂಟ್ರೋಲ್ ಮಾಡಲೇಬೇಡಿ, ಬಿಸಿ ಇಲ್ಲದೆಯೂ ಅದರಲ್ಲಿ ಈ ಪ್ರೋಟೀನುಗಳು ಶೇಖರವಾಗುತ್ತವೆ.